ಮನೆಗೆ ಕೊಟ್ಟ ಪ್ರಶ್ನೆಪತ್ರಿಕೆಗೆ ಓದಬೇಕೇ?

ಹಣಕಾಸು ಮತ್ತು ಪ್ರೋಗ್ರಾಮಿಂಗ್ ಎರಡನ್ನೂ ಜೊತೆಗೆ ಓದುವ ವಿದ್ಯಾರ್ಥಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಪ್ರಶ್ನೆಪತ್ರಿಕೆಯನ್ನು ಮನೆಗೇ ಕೊಟ್ಟು ಕಳಿಸಿದರೆ ಆ ಪರೀಕ್ಷೆಗೆ ತಯಾರಿ ಬೇಕಿಲ್ಲ. ಪುಸ್ತಕ ಎದುರಿಗಿದೆ, ಲ್ಯಾಪ್‌ಟಾಪ್ ಕೈಯಲ್ಲಿದೆ, ಉತ್ತರ ಕಳಿಸಲು ಎರಡು ಮೂರು ದಿನ ಇವೆ. ಇನ್ನು ಮೊದಲೇ ಓದಿಡುವುದೇನು? ಈ ಮಾತು ಬೆಂಗಳೂರಿನಲ್ಲೂ ಕೇಳುತ್ತದೆ, ಕೇರಳದಲ್ಲೂ ಕೇಳುತ್ತದೆ. ಆದರೆ ಕೊಚ್ಚಿ ಮತ್ತು ತಿರುವನಂತಪುರದಲ್ಲಿ ಅದಕ್ಕೆ ವಿಶೇಷ ಮಹತ್ವವಿದೆ. ಮುತ್ತೂಟ್ ಫೈನಾನ್ಸ್, ಜಿಯೋಜಿತ್‌ಗಳ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ಫೆಡರಲ್ ಬ್ಯಾಂಕಿನದು ಪಕ್ಕದ ಆಲುವಾದಲ್ಲಿ. ತಿರುವನಂತಪುರದಲ್ಲಿ 1990ರಿಂದ ಟೆಕ್ನೋಪಾರ್ಕ್ ಇದೆ, ಕೊಚ್ಚಿಯಲ್ಲಿ 2004ರಿಂದ ಇನ್ಫೋಪಾರ್ಕ್. ಕಳಮಶ್ಶೇರಿಯಲ್ಲಿ ಕುಸಾಟ್ ಎಂದೇ ಹೆಸರಾದ, 1971ರ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯವಿದೆ; ರಾಜಧಾನಿಯಲ್ಲಿ 2020ರಲ್ಲಿ ಹುಟ್ಟಿದ ಡಿಜಿಟಲ್ ವಿಶ್ವವಿದ್ಯಾಲಯವಿದೆ, 2014ರ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಕಾಸರಗೋಡಿನ ಪೊವ್ವಲ್‌ನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು ಸೇರಿರುವುದು ಈ ಕೊನೆಯದಕ್ಕೇ. ಅಂದರೆ ತಿರುವನಂತಪುರದಲ್ಲಿ ಪರೀಕ್ಷೆಯ ಬಗ್ಗೆ ಆಗುವ ತೀರ್ಮಾನ ಗಡಿನಾಡಿನ ಕನ್ನಡದ ಮಕ್ಕಳಿಗೂ ತಟ್ಟುತ್ತದೆ. ಲೆಕ್ಕ ಬಲ್ಲ, ಕೋಡ್ ಬರೆಯಬಲ್ಲ ಪದವೀಧರರಿಗೆ ಈ ಎರಡು ನಗರಗಳಲ್ಲಿ ಬೇಡಿಕೆ ಇರುವಾಗ, ಆ ಎರಡನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆಯನ್ನು ಹಗುರವಾಗಿ ನೋಡುವುದು ಸರಿಯೇ ಎಂದು ಕೇಳಬೇಕಾಗುತ್ತದೆ.

ಆ ನಂಬಿಕೆಯನ್ನು ಅದರ ಬಲವಾದ ರೂಪದಲ್ಲೇ ಎದುರಿಗಿಟ್ಟುಕೊಳ್ಳುವುದು ನ್ಯಾಯ. ಅದು ಮೂರು ವಾದಗಳ ಮೇಲೆ ನಿಂತಿದೆ.

1. ಓದುವುದೆಂದರೆ ನೆನಪಿಟ್ಟುಕೊಳ್ಳುವುದು, ಪುಸ್ತಕ ತೆರೆದಿಡಲು ಅವಕಾಶ ಕೊಟ್ಟ ಮೇಲೆ ನೆನಪಿನ ಕೆಲಸ ಮುಗಿಯಿತು.

2. ಮೂರು ಗಂಟೆಯ ಬದಲು ಮೂರು ದಿನ ಇದ್ದರೆ, ಗೊತ್ತಿಲ್ಲದ್ದನ್ನು ಆ ಅವಧಿಯಲ್ಲೇ ಕಲಿತು ಬರೆಯಬಹುದು.

3. ಸೂತ್ರಗಳು ಎಕ್ಸೆಲ್‌ನಲ್ಲೂ ಪೈಥಾನ್‌ನಲ್ಲೂ ಸಿದ್ಧವಾಗಿವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೋಡನ್ನು ಕೈಯಾರೆ ಬರೆಯಬೇಕಾದ್ದೂ ಇಲ್ಲ.

ಇದರಲ್ಲಿ ಸತ್ಯವೇ ಇಲ್ಲವೆಂದಲ್ಲ. ಆಪ್ಷನ್ ಒಪ್ಪಂದಗಳ ಬೆಲೆ ಕಟ್ಟುವ ಬ್ಲ್ಯಾಕ್–ಶೋಲ್ಸ್ ಸೂತ್ರವನ್ನು ಬಾಯಿಪಾಠ ಮಾಡಿ ಹಾಲ್‌ನಲ್ಲಿ ಇಳಿಸಿ ಬರುವವನಿಗೆ ಹಣಕಾಸು ಬರುತ್ತದೆಂದು ಹೇಳಲು ಆಧಾರವಿಲ್ಲ. ಕಾಗದದ ಮೇಲೆ ಪೆನ್ನಿನಿಂದ ಪ್ರೋಗ್ರಾಂ ಬರೆಸಿ, ಅಲ್ಪವಿರಾಮ ತಪ್ಪಿದ್ದಕ್ಕೆ ಅಂಕ ಕಡಿಯುವ ಪದ್ಧತಿಯಂತೂ ನಗೆಪಾಟಲಿನದು. ಈ ಅತೃಪ್ತಿ ಹೊಸದಲ್ಲ. ಸಿಬಿಎಸ್‌ಇ 2014ರಲ್ಲಿ 9 ಮತ್ತು 11ನೆಯ ತರಗತಿಗೆ ಪಠ್ಯ ಮುಂದಿಟ್ಟು ಬರೆಯುವ ಪರೀಕ್ಷೆ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು, 2025ರಲ್ಲಿ ಮತ್ತೆ 9ನೆಯ ತರಗತಿಗೆ ಅದನ್ನು ತರಲು ಒಪ್ಪಿತು. ಕೇರಳ ಸರ್ಕಾರ 2021ರಲ್ಲಿ ಉನ್ನತ ಶಿಕ್ಷಣಕ್ಕೆಂದು ನೇಮಿಸಿದ ಮೂರು ಆಯೋಗಗಳಲ್ಲಿ ಒಂದು ಪರೀಕ್ಷಾ ಸುಧಾರಣೆಗೇ ಮೀಸಲಾಗಿತ್ತು. ಹಾಗಾಗಿ ಮನೆಪರೀಕ್ಷೆ ಬೇಕೇ ಬೇಡವೇ ಎಂಬುದು ಇಲ್ಲಿನ ತಕರಾರಲ್ಲ. ಅದಕ್ಕೆ ತಯಾರಿ ಬೇಡ ಎಂಬ ಊಹೆಯನ್ನು ಮಾತ್ರ ಪರೀಕ್ಷಿಸಬೇಕಿದೆ.

ಮೊದಲನೆಯ ವಾದದಿಂದ ಶುರುಮಾಡೋಣ. ಪುಸ್ತಕ ತೆರೆದಿದ್ದರೆ ತಪ್ಪು ಆಗುವುದಿಲ್ಲವೆನ್ನುವುದಾದರೆ, ಪುಸ್ತಕ ಸದಾ ತೆರೆದೇ ಇರುವ ವೃತ್ತಿಪರರು ತಪ್ಪು ಮಾಡಬಾರದಿತ್ತು. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ ಪ್ರಕಟಿಸಿದ ಪ್ರಬಂಧವು, ಸರ್ಕಾರದ ಸಾಲ ಜಿಡಿಪಿಯ 90 ಶೇಕಡಾ ದಾಟಿದ ದೇಶಗಳಲ್ಲಿ ಬೆಳವಣಿಗೆ ಸರಾಸರಿ ಸೊನ್ನೆಗಿಂತಲೂ ಕೆಳಗೆ, ಅಂದರೆ ಮೈನಸ್ 0.1 ಶೇಕಡಾ, ಎಂದಿತು. ಹಲವು ದೇಶಗಳ ರಾಜಕಾರಣಿಗಳು ಖರ್ಚು ಕಡಿತಕ್ಕೆ ಈ ಅಂಕಿಯನ್ನು ಆಧಾರವಾಗಿ ಹಿಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು ಅದೇ ಎಕ್ಸೆಲ್ ಕಡತವನ್ನು ಬಿಚ್ಚಿ ನೋಡಿದಾಗ ಸರಾಸರಿಯ ಸೂತ್ರ ಐದು ದೇಶಗಳನ್ನು ಬಿಟ್ಟೇ ಎಣಿಸಿತ್ತು: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಬಿಟ್ಟುಹೋದ ದತ್ತಾಂಶವನ್ನೂ ತೂಕ ಹಾಕುವ ಕ್ರಮವನ್ನೂ ಸರಿಪಡಿಸಿದರೆ ಸರಾಸರಿ 2.2 ಶೇಕಡಾ ಆಯಿತು. ಗಮನಿಸಬೇಕಾದ ಸಂಗತಿ ಎಂದರೆ, ಹರ್ನ್‌ಡನ್ ಅವರಿಗೆ ಈ ಕೆಲಸ ಸಿಕ್ಕಿದ್ದು ತರಗತಿಯ ಮನೆಗೆಲಸವಾಗಿ: ಪ್ರಕಟವಾದ ಒಂದು ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ತೋರಿಸಬೇಕಿತ್ತು. ಎರಡೂ ಕಡೆಯವರಿಗೆ ಪುಸ್ತಕ, ಯಂತ್ರ, ಸಮಯ ಇದ್ದೇ ಇದ್ದವು. ಫಲಿತಾಂಶವನ್ನು ಸುಮ್ಮನೆ ನಂಬದೆ ಮೂಲ ಕೋಶಗಳವರೆಗೆ ಇಳಿದು ನೋಡುವ ಅಭ್ಯಾಸ ಮಾತ್ರ ಒಂದು ಕಡೆ ಹೆಚ್ಚಿತ್ತು.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಅದು ಅಜಾಗರೂಕತೆ, ಅಜ್ಞಾನವಲ್ಲ, ಜಾಗರೂಕನಾದ ವಿದ್ಯಾರ್ಥಿಗೆ ಓದದಿದ್ದರೂ ನಡೆಯುತ್ತದೆ. ಹಾಗಾದರೆ ಅಜಾಗರೂಕತೆಗೆ ಜಾಗವೇ ಇಲ್ಲದ, ಕೇರಳದವರಿಗೂ ಕನ್ನಡದವರಿಗೂ ಮನೆಮಾತಾದ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಚೀಟಿ ವ್ಯವಹಾರ. ಕೇರಳದಲ್ಲಿ ಸರ್ಕಾರವೇ 1969ರಿಂದ ತ್ರಿಶ್ಶೂರಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡು ಕೆಎಸ್‌ಎಫ್‌ಇ ಸಂಸ್ಥೆಯ ಮೂಲಕ ಚೀಟಿ ನಡೆಸುತ್ತಿದೆ. ಕರ್ನಾಟಕದಲ್ಲಿ ಎಂಎಸ್‌ಐಎಲ್ ನಡೆಸುತ್ತದೆ. ಹತ್ತು ಜನ, ಹತ್ತು ತಿಂಗಳು, ತಿಂಗಳಿಗೆ 1,000 ರೂಪಾಯಿಯ ಚೀಟಿ ಎಂದುಕೊಳ್ಳಿ, ಮೊತ್ತ 10,000. ಚೀಟಿ ನಡೆಸುವವರ ಕಮಿಷನ್ 5 ಶೇಕಡಾ, ಅಂದರೆ 500. ಲೆಕ್ಕ ಸುಲಭವಾಗಲೆಂದು ಮೊದಲ ಒಂಬತ್ತು ತಿಂಗಳೂ ಹರಾಜು 1,500 ರೂಪಾಯಿ ಕಡಿತಕ್ಕೇ ನಿಂತಿತು ಎನ್ನೋಣ. ನಿಜವಾದ ಚೀಟಿಯಲ್ಲಿ ಕಡಿತ ತಿಂಗಳು ಕಳೆದಂತೆ ಇಳಿಯುತ್ತ ಹೋಗುವುದು ಸಾಮಾನ್ಯ. ಚೀಟಿ ಎತ್ತಿದವರಿಗೆ 8,500 ಸಿಗುತ್ತದೆ. ಕಮಿಷನ್ ಕಳೆದು ಉಳಿದ 1,000 ಹತ್ತು ಜನಕ್ಕೆ ಹಂಚಿಕೆಯಾಗಿ ಎಲ್ಲರೂ ಕಟ್ಟುವುದು 900. ಹತ್ತನೆಯ ತಿಂಗಳು ಹರಾಜಿಲ್ಲ. ಎಲ್ಲರೂ 1,000 ಕಟ್ಟುತ್ತಾರೆ, ಕೊನೆಯವರಿಗೆ 9,500. ಪ್ರಶ್ನೆ ಹೀಗಿರಲಿ: ಮೊದಲನೆಯವರಿಗೆ, ಐದನೆಯವರಿಗೆ, ಹತ್ತನೆಯವರಿಗೆ ಬಿದ್ದ ಬಡ್ಡಿ ಎಷ್ಟೆಂದು ಹೇಳುವ ಪ್ರೋಗ್ರಾಂ ಬರೆಯಿರಿ.

ಓದದೆ ಬಂದ ಜಾಗರೂಕ ವಿದ್ಯಾರ್ಥಿ ಪುಸ್ತಕದಲ್ಲಿ 'ಆಂತರಿಕ ಆದಾಯ ದರ' ಎಂಬ ಅಧ್ಯಾಯ ಹುಡುಕುತ್ತಾನೆ: ಹಣದ ಒಳಹರಿವು ಹೊರಹರಿವುಗಳ ಇಂದಿನ ಮೌಲ್ಯವನ್ನು ಸೊನ್ನೆಗೆ ತರುವ ದರ. ಸಿದ್ಧ ಫಂಕ್ಷನ್‌ಗೆ ಸಂಖ್ಯೆಗಳನ್ನು ಕೊಡುತ್ತಾನೆ. ಮೊದಲನೆಯವರ ಮಟ್ಟಿಗೆ ಚೀಟಿ ಒಂದು ಸಾಲ: ತಿಂಗಳಿಗೆ ಸುಮಾರು 1.5 ಶೇಕಡಾ ಬಡ್ಡಿ. ಹತ್ತನೆಯವರ ಮಟ್ಟಿಗೆ ಅದು ಉಳಿತಾಯ: ತಿಂಗಳಿಗೆ ಸುಮಾರು 0.96 ಶೇಕಡಾ ಗಳಿಕೆ. ಎರಡೂ ಸರಿ. ಐದನೆಯವರ ಸಂಖ್ಯೆ ಕೊಟ್ಟಾಗ ಫಂಕ್ಷನ್ ದೋಷಸೂಚನೆ ಎಸೆಯುತ್ತದೆ. ಆತ ಅಂತರ್ಜಾಲ ಹುಡುಕುತ್ತಾನೆ. ಆರಂಭದ ಊಹೆಯನ್ನು ಬದಲಿಸಿ ನೋಡಿ ಎಂಬ ಸಲಹೆ ಸಿಗುತ್ತದೆ. ಎಷ್ಟು ಬದಲಿಸಿದರೂ ದೋಷ ಹೋಗುವುದಿಲ್ಲ, ಏಕೆಂದರೆ ಉತ್ತರವೇ ಇಲ್ಲ. ಐದನೆಯವರು ನಾಲ್ಕು ತಿಂಗಳು 900 ಕಟ್ಟಿದ್ದಾರೆ, ಐದನೆಯ ತಿಂಗಳು ಕೈಗೆ ನಿವ್ವಳ 7,600 ಬಂದಿದೆ, ಮತ್ತೆ ನಾಲ್ಕು ತಿಂಗಳು 900, ಕೊನೆಗೆ 1,000. ಕಟ್ಟಿದ್ದನ್ನೆಲ್ಲ ಯಾವುದೇ ಒಂದು ದರದಲ್ಲಿ ಐದನೆಯ ತಿಂಗಳಿಗೆ ತಂದು ಕೂಡಿಸಿದರೂ ಮೊತ್ತ 8,000 ರೂಪಾಯಿಗಿಂತ ಕೆಳಗಿಳಿಯುವುದೇ ಇಲ್ಲ. 7,600 ಅದನ್ನು ಎಂದೂ ಮುಟ್ಟದು.

ತಯಾರಿಯೊಂದಿಗೆ ಬಂದವನು ಇಲ್ಲಿ ಬೇರೆಯೇ ಹಾದಿ ಹಿಡಿಯುತ್ತಾನೆ. ಹಣದ ಚಿಹ್ನೆ ಒಂದೇ ಸಲ ಬದಲಾದರೆ ದರ ಒಂದೇ. ಎರಡು ಸಲ ಬದಲಾದರೆ ದರ ಎರಡಿರಬಹುದು, ಇಲ್ಲದೆಯೂ ಇರಬಹುದು ಎಂಬುದು ಅವನಿಗೆ ಮೊದಲೇ ಗೊತ್ತು. 100 ರೂಪಾಯಿ ಹೂಡಿ, ಒಂದು ವರ್ಷಕ್ಕೆ 230 ಪಡೆದು, ಎರಡನೆಯ ವರ್ಷಕ್ಕೆ 132 ತೆರಬೇಕಾದ ವ್ಯವಹಾರಕ್ಕೆ 10 ಶೇಕಡಾ ಸರಿಹೊಂದುತ್ತದೆ, 20 ಶೇಕಡಾ ಕೂಡ ಅಷ್ಟೇ ಸರಿಹೊಂದುತ್ತದೆ. ಆದ್ದರಿಂದ ಅವನು ಮೊದಲು ಬೇರೆ ಬೇರೆ ದರಗಳಿಗೆ ಮೌಲ್ಯದ ನಕ್ಷೆ ಎಳೆಯುತ್ತಾನೆ, ಗೆರೆ ಸೊನ್ನೆಯನ್ನು ದಾಟುವುದಿಲ್ಲವೆಂದು ಕಾಣುತ್ತಾನೆ, ಆಮೇಲೆ ಪ್ರಶ್ನೆಯನ್ನೇ ಬಿಡಿಸುತ್ತಾನೆ: ಐದನೆಯವರು ಅರ್ಧ ಉಳಿತಾಯಗಾರರು, ಅರ್ಧ ಸಾಲಗಾರರು. ಉಳಿತಾಯಕ್ಕೆ ಬ್ಯಾಂಕಿನಲ್ಲಿ ತಿಂಗಳಿಗೆ 0.5 ಶೇಕಡಾ ಸಿಗುತ್ತಿತ್ತೆಂದು ಹಿಡಿದರೆ, ನಾಲ್ಕು ಕಂತು ಬೆಳೆದು ಸುಮಾರು 3,645 ಆಗುತ್ತದೆ. ಉಳಿದ 3,955 ಸಾಲ. ಅದಕ್ಕೆ ಐದು ತಿಂಗಳಲ್ಲಿ 4,600 ತೀರಿಸಬೇಕು; ಬಡ್ಡಿ ತಿಂಗಳಿಗೆ ಸುಮಾರು 5.2 ಶೇಕಡಾ. ಮೊದಲ ತಿಂಗಳಿಗೆ 1.5 ಶೇಕಡಾ ಬಡ್ಡಿಯಾಗಿದ್ದ ಅದೇ 1,500 ರೂಪಾಯಿ ಕಡಿತ ಐದನೆಯ ತಿಂಗಳಿಗೆ ಮೂರು ಪಟ್ಟು ದುಬಾರಿ! ಚೀಟಿ ಕಟ್ಟುವ ಮನೆಗಳಿಗೆ ಉಪಯೋಗಕ್ಕೆ ಬರುವ ತಿಳಿವಳಿಕೆ ಇದು. ಪಠ್ಯಪುಸ್ತಕದ ಯಾವ ಪುಟದಲ್ಲೂ ಇದು ಹೀಗೆಯೇ ಅಚ್ಚಾಗಿಲ್ಲ; ಚಿಹ್ನೆ ಬದಲಾವಣೆಯ ನಿಯಮ ಅಚ್ಚಾಗಿದೆ, ಆದರೆ ಆ ನಿಯಮ ಇದೆಯೆಂದು ಗೊತ್ತಿಲ್ಲದವನು ಅದನ್ನು ಹುಡುಕಲಾರ. ತೆರೆದ ಪುಸ್ತಕ ಗೊತ್ತಿರುವುದನ್ನು ಖಚಿತಪಡಿಸಿಕೊಳ್ಳಲು ನೆರವಾಗುತ್ತದೆ. ಏನನ್ನು ಕೇಳಬೇಕೆಂದು ಅದು ಹೇಳಿಕೊಡುವುದಿಲ್ಲ.

ಎರಡನೆಯ ವಾದ ಸಮಯದ್ದು. ಮೂರು ದಿನ ಇವೆಯಲ್ಲ, ಕಲಿತೇ ಬರೆಯೋಣ. ಇದರಲ್ಲಿ ಒಂದು ಲೆಕ್ಕ ತಪ್ಪಿದೆ: ಸಮಯ ಹೆಚ್ಚು ಕೊಟ್ಟ ಪರೀಕ್ಷಕ ಪ್ರಶ್ನೆಯನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿರುತ್ತಾನೆ. ಹಾಲ್‌ನಲ್ಲಿ ಮೂರು ಸಾಲಿನ ಅಂದದ ಕೋಷ್ಟಕ ಕೊಟ್ಟರೆ, ಮನೆಗೆ ಹತ್ತು ವರ್ಷದ ದಿನವಾರು ಷೇರು ಬೆಲೆಯ ಕಡತ ಕೊಡುತ್ತಾನೆ. ಆ ಕಡತದಲ್ಲಿ ಇನ್ಫೋಸಿಸ್ ಇದ್ದರೆ, 2018ರ ಸೆಪ್ಟೆಂಬರ್‌ನಲ್ಲಿ ಕಂಪನಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ಬೆಲೆ ಅರ್ಧಕ್ಕೆ ಬಿದ್ದಂತೆ ತೋರುತ್ತದೆ. ಸರಿಹೊಂದಿಸದೆ ಓಡಿಸಿದ ಪ್ರೋಗ್ರಾಂ ಆ ದಿನ ಹೂಡಿಕೆದಾರರು ಅರ್ಧ ಹಣ ಕಳೆದುಕೊಂಡರೆಂದು ವರದಿ ಮಾಡುತ್ತದೆ. ದಿನಾಂಕ 05-06-2019 ಎಂದಿದ್ದರೆ ನಮಗೆ ಅದು ಜೂನ್ 5. ಪೈಥಾನ್‌ನ ಪಾಂಡಾಸ್ ಗ್ರಂಥಾಲಯ ಬೇರೆ ಹೇಳದಿದ್ದರೆ ಅದನ್ನು ಮೇ 6 ಎಂದು ಓದುತ್ತದೆ. ಇಂಥವನ್ನು ಮೊದಲ ಸಲ ಎದುರಿಸುವವನಿಗೆ ಮೊದಲ ದಿನ ಪೂರ್ತಿ ಕಡತ ತೆರೆಯುವುದರಲ್ಲೇ ಹೋಗುತ್ತದೆ, ಎರಡನೆಯ ದಿನ ಅನುಮಾನದಲ್ಲಿ. ವಿಶ್ಲೇಷಣೆಗೆ ಉಳಿಯುವುದು ಕೊನೆಯ ರಾತ್ರಿ.

ಇನ್ನೂ ಕೆಟ್ಟದ್ದು, ದೋಷಸೂಚನೆಯೇ ಬಾರದೆ ಉತ್ತರ ಬಂದುಬಿಡುವ ಸಂದರ್ಭ. 1,000 ರೂಪಾಯಿ ಇಂದು ಹೂಡಿ ಮುಂದಿನ ಎರಡು ವರ್ಷ ತಲಾ 600 ಪಡೆದರೆ, 10 ಶೇಕಡಾ ದರದಲ್ಲಿ ನಿವ್ವಳ ಇಂದಿನ ಮೌಲ್ಯ 41 ರೂಪಾಯಿ 32 ಪೈಸೆ. ಮೂರು ಸಂಖ್ಯೆಗಳನ್ನೂ ಎಕ್ಸೆಲ್‌ನ ಎನ್‌ಪಿವಿ ಫಂಕ್ಷನ್‌ಗೆ ಕೊಟ್ಟರೆ 37 ರೂಪಾಯಿ 57 ಪೈಸೆ ಬರುತ್ತದೆ, ಏಕೆಂದರೆ ಮೊದಲ ಹಣವೂ ವರ್ಷದ ಕೊನೆಯದೆಂದು ಅದು ಭಾವಿಸುತ್ತದೆ. ಪೈಥಾನ್‌ನ ನಂಪೈ-ಫೈನಾನ್ಷಿಯಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ಮೊದಲ ಹಣವನ್ನು ಇಂದಿನದೆಂದೇ ಹಿಡಿಯುತ್ತದೆ. ಏರಿಳಿತ ಅಳೆಯುವಾಗ ನಂಪೈ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಪಾಂಡಾಸ್ ಒಂದು ಕಡಿಮೆ ಮಾಡಿ ಭಾಗಿಸುತ್ತದೆ; ಹನ್ನೆರಡು ತಿಂಗಳ ದತ್ತಾಂಶಕ್ಕೆ ಎರಡರ ನಡುವೆ 4 ಶೇಕಡಾಕ್ಕೂ ಮೀರಿದ ಅಂತರ. ಇವು ಹುಡುಗಾಟದ ಅಂತರಗಳೆನ್ನುವವರಿಗೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯನ್ನು ನೆನಪಿಸಬೇಕು. 1982ರ ಜನವರಿಯಲ್ಲಿ 1000ದಿಂದ ಆರಂಭವಾದ ಅದರ ಸೂಚ್ಯಂಕ 1983ರ ನವೆಂಬರ್ ಹೊತ್ತಿಗೆ 524.811ಕ್ಕೆ ಇಳಿದಿತ್ತು. ಪೇಟೆ ಬಿದ್ದಿರಲಿಲ್ಲ. ಪ್ರತಿ ಸಲ ಲೆಕ್ಕ ಹಾಕುವಾಗ ಪ್ರೋಗ್ರಾಂ ಮೂರು ದಶಮಾಂಶದ ನಂತರದ ಭಾಗವನ್ನು ಹತ್ತಿರದ ಅಂಕಿಗೆ ಹೊಂದಿಸದೆ ಸುಮ್ಮನೆ ಕತ್ತರಿಸಿ ಹಾಕುತ್ತಿತ್ತು. ಸರಿಪಡಿಸಿದಾಗ ಸೂಚ್ಯಂಕ 1098.892.

ಮೂರನೆಯ ವಾದವೇ ಈಗ ಎಲ್ಲರ ಬಾಯಲ್ಲಿರುವುದು: ಕೃತಕ ಬುದ್ಧಿಮತ್ತೆ ಇದೆಲ್ಲವನ್ನೂ ನೋಡಿಕೊಳ್ಳುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ನೇರವಾಗಿ ಕೇಳಿದ ಸಾಮಾನ್ಯ ಪ್ರಶ್ನೆಗೆ ಅದು ಒಳ್ಳೆಯ ಕೋಡ್ ಬರೆಯುತ್ತದೆ. ಮೇಲಿನ ಎನ್‌ಪಿವಿ ವ್ಯತ್ಯಾಸವನ್ನೂ, ಕೇಳಿದರೆ, ವಿವರಿಸಬಹುದು. ತೊಡಕಿರುವುದು 'ಕೇಳಿದರೆ' ಎಂಬಲ್ಲಿ. ಜೊತೆಗೆ, ಅದು ಕೊಟ್ಟ ಉತ್ತರ ಸರಿಯೇ ಎಂದು ತೀರ್ಮಾನಿಸಬೇಕಾದವರು ಯಾರು? ಜೆಪಿ ಮಾರ್ಗನ್ ಬ್ಯಾಂಕ್ 2012ರಲ್ಲಿ ಲಂಡನ್ ಕಚೇರಿಯ ಒಂದು ವಹಿವಾಟಿನಲ್ಲಿ 600 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡ ಪ್ರಕರಣದಲ್ಲಿ, ನಷ್ಟದ ಅಪಾಯ ಅಳೆಯುವ ಹಾಳೆಯೊಂದು ಎರಡು ದರಗಳ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಅವುಗಳ ಮೊತ್ತದಿಂದ ಭಾಗಿಸಿ ಅಪಾಯವನ್ನು ಕಡಿಮೆ ತೋರಿಸಿತ್ತು. ಆ ಹಾಳೆ ಬರೆದದ್ದು ಮನುಷ್ಯರೇ. ಯಂತ್ರ ಬರೆದಿದ್ದರೂ ಪರಿಶೀಲಿಸುವವರ ಹೊಣೆ ಅಷ್ಟೇ ಇರುತ್ತಿತ್ತು. ಸೂತ್ರ ಬರೆಯುವ ಶ್ರಮ ಅಗ್ಗವಾದಷ್ಟೂ ಪರಿಶೀಲನೆ ಹೆಚ್ಚು ಬೆಲೆಯದಾಗುತ್ತದೆ, ಮತ್ತು ಪರೀಕ್ಷೆ ನಡೆಯುವ ವಾರದಲ್ಲಿ ಅದನ್ನು ಹೊಸದಾಗಿ ಕಲಿಯಲಾಗದು.

ಹಾಗಿದ್ದರೂ ಹಳೆಯ ನಂಬಿಕೆ ಗೆಲ್ಲುವ ಒಂದು ಸಂದರ್ಭ ಇದೆ, ಅದನ್ನು ಒಪ್ಪಲೇಬೇಕು. ಪ್ರಶ್ನೆಯೇ ಕೆಟ್ಟದಾಗಿದ್ದರೆ ತಯಾರಿ ನಿಜಕ್ಕೂ ಬೇಡ. 'ನಿವ್ವಳ ಇಂದಿನ ಮೌಲ್ಯದ ಗುಣದೋಷಗಳನ್ನು ವಿವರಿಸಿ' ಎಂದು ಮನೆಗೆ ಕೊಟ್ಟರೆ ನಕಲೇ ವಿವೇಕದ ದಾರಿ, ಮತ್ತು ಆ ನಾಚಿಕೆ ವಿದ್ಯಾರ್ಥಿಗೆ ಸೇರಿದ್ದಲ್ಲ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾಲ್ವರು ಕೂತು ಒಂದೇ ಕೋಡನ್ನು ಹೆಸರು ಬದಲಿಸಿ ಕಳಿಸುವುದೂ ಇದರ ಫಲವೇ. ಆದ್ದರಿಂದ ಹಾಲ್‌ಗೇ ಮರಳೋಣ ಎನ್ನುವವರ ಮಾತಿನಲ್ಲಿ ತೂಕವಿದೆ. ಆದರೆ ಪರಿಹಾರ ಅಷ್ಟು ದೂರ ಹೋಗಬೇಕಿಲ್ಲ: ಪ್ರತಿಯೊಬ್ಬರಿಗೂ ಬೇರೆ ಷೇರು ಅಥವಾ ಬೇರೆ ಅವಧಿಯ ದತ್ತಾಂಶ, ಆಮೇಲೆ ಹತ್ತು ನಿಮಿಷದ ಮೌಖಿಕ. 'ಇಲ್ಲಿ ಏಕೆ ಸೊನ್ನೆಯಿಂದ ಎಣಿಸಿದಿರಿ?' ಎಂಬ ಒಂದು ಪ್ರಶ್ನೆ ಸಾಕು, ಕೋಡು ಯಾರದ್ದೆಂದು ಗೊತ್ತಾಗಲು.

ಸಮಾನತೆಯ ಆಕ್ಷೇಪ ಇನ್ನೂ ಗಂಭೀರ. 2020ರ ಆಗಸ್ಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂತಿಮ ವರ್ಷದವರಿಗೆ ಪುಸ್ತಕ ತೆರೆದು ಬರೆಯುವ ಆನ್‌ಲೈನ್ ಪರೀಕ್ಷೆ ನಡೆಸಿದಾಗ, ಬರೆಯಲು 3 ಗಂಟೆ, ಉತ್ತರಪತ್ರಿಕೆ ಏರಿಸುವಂಥ ಕೆಲಸಕ್ಕೆ 1 ಗಂಟೆ ಇತ್ತು. ನೆಟ್‌ವರ್ಕ್ ಇಲ್ಲದ ಊರುಗಳವರ ಗೋಳು ನ್ಯಾಯಾಲಯದವರೆಗೆ ಹೋಯಿತು. ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಎಂಬ ಸಾರ್ವಜನಿಕ ಇಂಟರ್ನೆಟ್ ಜಾಲ ಶುರುಮಾಡಿದೆ, ಆದರೂ ಒಳ್ಳೆಯ ಲ್ಯಾಪ್‌ಟಾಪ್ ಎಲ್ಲರ ಮನೆಯಲ್ಲಿಲ್ಲ. ಇದಕ್ಕೆ ವಿಶ್ವವಿದ್ಯಾಲಯವೇ ಉತ್ತರ ಕೊಡಬೇಕು. ಪ್ರಯೋಗಾಲಯವನ್ನು ಆ ದಿನಗಳಲ್ಲಿ ರಾತ್ರಿಯೂ ತೆರೆದಿಡುವುದು ಅದರ ಕನಿಷ್ಠ ಕರ್ತವ್ಯ. ತಯಾರಿ ಇಲ್ಲದಿರಲು ಮಾತ್ರ ಇದು ಕಾರಣವಾಗದು. ದುರ್ಬಲ ಯಂತ್ರ ಇರುವವನಿಗೇ ಮೊದಲೇ ಪರೀಕ್ಷಿಸಿಟ್ಟ ಕೋಡ್ ಹೆಚ್ಚು ಬೇಕು.

ಹಾಗಾದರೆ ತಯಾರಿ ಎಂದರೇನು? ಟಿಪ್ಪಣಿ ಪುಸ್ತಕ ತುಂಬಿಸುವುದಲ್ಲ. ಇಂದಿನ ಮೌಲ್ಯ, ಸಾಲದ ಕಂತು, ಏರಿಳಿತ ಇವುಗಳಿಗೆ ಸ್ವಂತ ಫಂಕ್ಷನ್ ಬರೆದು, ಕೈಲೆಕ್ಕದಿಂದ ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡಿಡುವುದು: ತಿಂಗಳಿಗೆ 1 ಶೇಕಡಾ ಎಂದರೆ ವರ್ಷಕ್ಕೆ 12.68 ಬರಲೇಬೇಕು, ಬಾರದಿದ್ದರೆ ಕೋಡು ತಪ್ಪು. ಬೋನಸ್ ಆದ, ದಿನ ತಪ್ಪಿದ, ಸಾಲು ಖಾಲಿ ಇರುವ ಒಂದಾದರೂ ಹೊಲಸು ಕಡತವನ್ನು ಮೊದಲೇ ಶುಚಿಗೊಳಿಸಿ ನೋಡುವುದು. ಹಿಡಿದ ಊಹೆಗಳನ್ನು ಉತ್ತರದ ಮೇಲ್ಭಾಗದಲ್ಲೇ ಬರೆಯುವ ರೂಢಿ ಮಾಡಿಕೊಳ್ಳುವುದು. ಚೀಟಿಯ ಲೆಕ್ಕದಲ್ಲಿ 0.5 ಶೇಕಡಾ ಎಂಬ ಊಹೆ ಬದಲಾದರೆ ಕೊನೆಯ ಉತ್ತರವೂ ಬದಲಾಗುತ್ತದೆ, ಅದನ್ನು ಹೇಳದೆ ಬರೆದ 5.2ಕ್ಕೆ ಪೂರ್ತಿ ಅಂಕ ಸಲ್ಲದು. ಇದಕ್ಕೆಲ್ಲ ವಾರಗಳು ಬೇಕು, ಮತ್ತು ಅವು ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲಿನ ವಾರಗಳಾಗಿರಬೇಕು.

ಅಧ್ಯಾಪಕರಿಗೂ ಒಂದು ಮಾತು. ಪರೀಕ್ಷೆಯ ಸೂಚನೆಯಲ್ಲಿ 'ಎಲ್ಲ ಸಾಮಗ್ರಿ ಬಳಸಬಹುದು' ಎಂದಷ್ಟೇ ಬರೆದು ಬಿಡಬೇಡಿ. ಅಂಕದಲ್ಲಿ ಎಷ್ಟು ಪಾಲು ಊಹೆಗಳ ಸ್ಪಷ್ಟತೆಗೆ, ಎಷ್ಟು ಪರಿಶೀಲನೆಗೆ, ಎಷ್ಟು ಕೊನೆಯ ಸಂಖ್ಯೆಗೆ ಎಂಬುದನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಬರೆದುಕೊಡಿ. ಹಿಂದಿನ ವರ್ಷದ ಒಂದು ಪತ್ರಿಕೆಯನ್ನೂ ಅದರ ಜೊತೆಗೇ ಹಂಚಿ.